ಆಗಸ್ಟ್ ಆಗ್ಲಿ, ನೋಡೋಣ

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಆ ದಂಪತಿಯ ಒಪ್ಪಿಗೆ ಇದೆ.)

2024ರ ಮಾರ್ಚ್‌ನಲ್ಲಿ ಆಪ್ತ ಸಮಾಲೋಚಕಿಯಾದ ನನ್ನ ಜೊತೆ ಮೊದಲು ಮಾತಾಡಿದ್ದು ಹೆಂಡತಿ. ಅಮೆರಿಕದ ಒಮಾಹಾದಿಂದ ವಿಡಿಯೊ ಕಾಲ್. "ಇವರನ್ನ ಏನು ಕೇಳಿದ್ರೂ ಒಂದೇ ಉತ್ತರ ಮೇಡಂ. ಆಗಸ್ಟ್ ಆಗ್ಲಿ, ನೋಡೋಣ. ಮಗಳ ಸ್ಕೂಲು, ಮನೆ ತಗೊಳ್ಳೋದು, ಊರಿಗೆ ಹೋಗೋದು, ಎಲ್ಲಾ ಆಗಸ್ಟ್ ಆದ್ಮೇಲೆ. ಆಗಸ್ಟ್‌ನಲ್ಲಿ ಇರೋದು ಫುಟ್‌ಬಾಲ್!"

ಗಂಡ ದಾವಣಗೆರೆ ಕಡೆಯವರು. ಲಿಂಕನ್‌ನ ನೆಬ್ರಾಸ್ಕಾ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಮಾಡಿ, ಹತ್ತಿರದಲ್ಲೇ ಕೆಲಸಕ್ಕೆ ಸೇರಿದವರು. ಆ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡ ಹಸ್ಕರ್ಸ್ ಅಂದ್ರೆ ಅವರಿಗೆ ಪ್ರಾಣ.

ಕಾಲೇಜ್ ಹುಡುಗರ ಆಟ ತಾನೇ ಅಂತ ಹಗುರವಾಗಿ ನೋಡಬೇಡಿ. ನೆಬ್ರಾಸ್ಕಾ ರಾಜ್ಯದಲ್ಲಿ ವೃತ್ತಿಪರ ಆಟಗಾರರ ಲೀಗ್ ಎನ್‌ಎಫ್‌ಎಲ್‌ನ ತಂಡ ಇಲ್ಲ. ಇರುವುದು ಇದೇ. ಲಿಂಕನ್‌ನ ಮೆಮೋರಿಯಲ್ ಸ್ಟೇಡಿಯಂನಲ್ಲಿ 80 ಸಾವಿರಕ್ಕಿಂತ ಜಾಸ್ತಿ ಜನ ಕೂರುತ್ತಾರೆ. 1962ರಿಂದ ಅಲ್ಲಿನ ಪ್ರತಿ ಪಂದ್ಯದ ಟಿಕೆಟ್ ಪೂರ್ತಿ ಮಾರಾಟ. ತಂಡ ಐದು ಬಾರಿ ರಾಷ್ಟ್ರೀಯ ಚಾಂಪಿಯನ್, ಆದರೆ ಕೊನೆಯದು 1997ರಲ್ಲಿ. 2016ರ ನಂತರ ಸೀಸನ್ ಕೊನೆಗೆ ಚೆನ್ನಾಗಿ ಆಡಿದ ತಂಡಗಳಿಗೆ ಸಿಗುವ ಬೌಲ್ ಪಂದ್ಯ ಒಂದಕ್ಕೂ ಹೋಗಿರಲಿಲ್ಲ. ಹೋಗಲು ಆರು ಗೆಲುವು ಬೇಕು. 2023ರಲ್ಲಿ ಐದು ಗೆದ್ದಿದ್ದರು, ನಾಲ್ಕು ಪಂದ್ಯ ಬಾಕಿ ಇತ್ತು. ನಾಲ್ಕನ್ನೂ ಸೋತರು. ಕೊನೆಯದು ಅಯೋವಾ ಎದುರು, ಕೊನೆಯ ಒದೆತದಲ್ಲಿ, 13-10. ನವೆಂಬರ್‌ನಲ್ಲಿ ಅಲ್ಲಿಗೆ ನಿಂತ ಆಟ ಮತ್ತೆ ಶುರುವಾಗುವುದು ಆಗಸ್ಟ್ 31ಕ್ಕೆ. ಒಂಬತ್ತು ತಿಂಗಳು.

ಆ ಹೊತ್ತಿಗೆ ಆರ್‌ಸಿಬಿ ಹದಿನಾರು ಐಪಿಎಲ್ ಸೀಸನ್ ಕಪ್ ಗೆಲ್ಲದಿದ್ದರೂ "ಈ ಸಲ ಕಪ್ ನಮ್ದೇ" ಅನ್ನುತ್ತಿದ್ದ ಜನ ನಾವು. ಅವರ ಆಸೆ ನನಗೆ ಬೇಗ ಅರ್ಥವಾಯಿತು. ಅರ್ಥವಾಗದೆ ಉಳಿದದ್ದು ರಾತ್ರಿ. ಒಂದು ವಾರ ಬರೆದಿಡಿ ಅಂದಿದ್ದೆ. ಮನೆಯವರು ಮಲಗಿದ ಮೇಲೆ ದಿನಾ ಎರಡು-ಮೂರು ಗಂಟೆ ಫೋನ್. ಹೊಸ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವ) ಡಿಲನ್ ರಯೋಲಾ ಹೇಗೆ ಆಡಬಹುದು, ಆಟಗಾರರು ಕಾಲೇಜು ಬದಲಿಸುವ ಟ್ರಾನ್ಸ್‌ಫರ್ ಪೋರ್ಟಲ್‌ನಲ್ಲಿ ಯಾರು ಬಂದರು, ಯಾರು ಹೋದರು. ಆಟ ಇಲ್ಲದ ತಿಂಗಳಲ್ಲೂ ಸುದ್ದಿಗೆ ಬಿಡುವಿಲ್ಲ. ಏಪ್ರಿಲ್‌ನಲ್ಲಿ ಪೋರ್ಟಲ್ ಮತ್ತೆ ತೆರೆಯುತ್ತಿತ್ತು.

ಇದು ಚಟ ಅಂತ ಮೊದಲು ಅಂದುಕೊಂಡೆ. ಅಷ್ಟಕ್ಕೇ ನಿಂತಿದ್ದರೆ ಫೋನ್ ದೂರ ಇಡಿ ಅಂತ ಹೇಳಿ ಮುಗಿಸುತ್ತಿದ್ದೆ. ಏಪ್ರಿಲ್ 6ರಂದು ಸುಮ್ನೆ ಕೇಳಿದೆ, ಪಂದ್ಯಕ್ಕೆ ಇನ್ನೆಷ್ಟು ದಿನ? "147 ಮೇಡಂ. ಸರಿಯಾಗಿ 21 ವಾರ." ಯೋಚಿಸಲೂ ಇಲ್ಲ. ಹಿಂದಿನ ಸಲ ಅವರು ಗ್ರೀನ್ ಕಾರ್ಡ್ (ಅಮೆರಿಕದಲ್ಲಿ ಕಾಯಂ ನೆಲೆಸುವ ಅನುಮತಿ) ಮಾತು ಎತ್ತಿ ಬಿಟ್ಟಿದ್ದು ನೆನಪಾಯಿತು. ಅದಕ್ಕೆ ಎಷ್ಟು ದಿನ ಅಂತ ಕೇಳಿದೆ.

ತುಂಬಾ ಹೊತ್ತು ಮಾತಿಲ್ಲ. ಆಮೇಲೆ, "ಅದಕ್ಕೆ ತಾರೀಖು ಇಲ್ಲ ಮೇಡಂ."

ವರ್ಷದ ಗ್ರೀನ್ ಕಾರ್ಡ್‌ಗಳಲ್ಲಿ ಒಂದೇ ದೇಶದವರಿಗೆ ಶೇ. 7ರಷ್ಟೇ ಅನ್ನುವ ಮಿತಿ ಇದೆ. ಭಾರತೀಯರ ಸಾಲು ಬಹಳ ಉದ್ದ. 2019ರ ನಂತರ ಅವರು ಊರಿಗೆ ಹೋಗಿರಲಿಲ್ಲ. ಹೋದರೆ ವಾಪಸ್ ಬರಲು ಬೇಕಾದ ವೀಸಾ ಸ್ಟಾಂಪಿಂಗ್‌ನಲ್ಲಿ ಸಿಕ್ಕಿಕೊಂಡರೆ ಅನ್ನುವ ಭಯ. ತಾರೀಖು ಇಲ್ಲದ ಆ ಕಾಯುವಿಕೆಯನ್ನು ಮರೆಯಲು ತಾರೀಖು ಇರುವ ಇದನ್ನು ಹಿಡಿದುಕೊಂಡಿದ್ದರು. ನನಗಂತೂ ಅದರಲ್ಲಿ ತಪ್ಪು ಕಾಣಲಿಲ್ಲ.

ಹಾಗಾಗಿ ಫುಟ್‌ಬಾಲ್ ಬಿಡಿ ಅನ್ನಲಿಲ್ಲ. ಎದುರು ನೋಡುವುದರಲ್ಲೇ ಅರ್ಧ ಸಂತೋಷ ಇರುತ್ತದೆ, ಅಲ್ವಾ? ಜಾತ್ರೆಗೆ ಒಂದು ತಿಂಗಳ ಮೊದಲೇ ಮನೆಯಲ್ಲಿ ಗಡಿಬಿಡಿ ಶುರುವಾಗುತ್ತದೆ. ಆದರೆ ಆ ಗಡಿಬಿಡಿ ಎಲ್ಲರದ್ದು. ಇವರು ಕತ್ತಲಲ್ಲಿ ಒಬ್ಬರೇ ಕೂತು ಹಬ್ಬ ಮಾಡುತ್ತಿದ್ದರು. ಸುದ್ದಿ ಓದುವುದನ್ನು ಸಂಜೆ ಅರ್ಧ ಗಂಟೆಗೆ ತನ್ನಿ, ಎಲ್ಲರೂ ಕೂತಿರುವಾಗ ಓದಿ, ಮಗಳಿಗೆ ಹೇಳಿಕೊಡಿ ಅಂದೆ. ಏಪ್ರಿಲ್ 27ರಂದು ತಂಡದವರೇ ಆಡುವ ಅಭ್ಯಾಸ ಪಂದ್ಯ, ಸ್ಪ್ರಿಂಗ್ ಗೇಮ್‌ಗೆ ಇಬ್ಬರನ್ನೂ ಕರೆದುಕೊಂಡು ಹೋಗಿ ಅಂದೆ. ಹೋದರು. ಹೆಂಡತಿಗೆ ಆಟಕ್ಕಿಂತ ಅಲ್ಲಿನ ಜನ ಇಷ್ಟವಾದರು. ಲಿಂಕನ್‌ನಲ್ಲಿ ಮೊದಲ ಚಳಿಗಾಲ ಒಬ್ಬಂಟಿಯಾಗಿ ಕಳೆದ ಗಂಡನಿಗೆ ಈ ಕೆಂಪು ಅಂಗಿಯ ಜನ ಏನಾಗಿದ್ದರು ಅನ್ನುವುದು ಅವತ್ತು ತಿಳಿಯಿತು ಅಂದರು. ನಿದ್ದೆ ಸರಿಹೋಗದಿದ್ದರೆ ಅಲ್ಲಿನ ಡಾಕ್ಟರನ್ನು ನೋಡಿ ಅಂತಲೂ ಹೇಳಿದ್ದೆ. ಅದರ ಅಗತ್ಯ ಬೀಳಲಿಲ್ಲ.

ಕಷ್ಟವಾದದ್ದು ಇನ್ನೊಂದು ಕೆಲಸ. ಮುಂದೂಡಿದ್ದನ್ನೆಲ್ಲ ಗಂಡ-ಹೆಂಡತಿ ಸೇರಿ ಕಾಗದದ ಮೇಲೆ ಬರೆಯಬೇಕು. ಯಾವುದು ಗ್ರೀನ್ ಕಾರ್ಡ್ ಬರುವ ತನಕ ಆಗುವುದೇ ಇಲ್ಲ? ಯಾವುದಕ್ಕೆ ಅದು ಬೇಕಾಗೇ ಇಲ್ಲ? ಎರಡು ಸಲ ಜಗಳವಾಗಿ ಅರ್ಧಕ್ಕೆ ನಿಂತಿತು. ಮೂರನೇ ಸಲ ಮುಗಿಯಿತು. ಆಗಸ್ಟ್‌ಗೆ ಕಾಯಬೇಕಾದ್ದು ಆ ಪಟ್ಟಿಯಲ್ಲಿ ಒಂದೂ ಇರಲಿಲ್ಲ. ಮಗಳ ಸ್ಕೂಲು ಆ ವಾರವೇ ತೀರ್ಮಾನವಾಯಿತು. ಊರಿನ ಪ್ರಯಾಣಕ್ಕೆ ಮೊದಲು ವಕೀಲರನ್ನು ಕೇಳಿ, ಭಯದ ಮಾತು ಆಮೇಲೆ ಅಂದೆ.

ಹಸ್ಕರ್ಸ್ ಮೊದಲ ಪಂದ್ಯವನ್ನು 40-7ರಲ್ಲಿ ಗೆದ್ದರು. ನವೆಂಬರ್‌ನಲ್ಲಿ ಆರನೇ ಗೆಲುವೂ ಬಂತು. ಡಿಸೆಂಬರ್ 28ಕ್ಕೆ ನ್ಯೂಯಾರ್ಕ್‌ನಲ್ಲಿ ಬಾಸ್ಟನ್ ಕಾಲೇಜ್ ಜೊತೆ ಬೌಲ್ ಪಂದ್ಯ. ಆ ದಿನ ಇವರು ನ್ಯೂಯಾರ್ಕ್‌ನಲ್ಲೂ ಇರಲಿಲ್ಲ, ಒಮಾಹಾದಲ್ಲೂ ಇರಲಿಲ್ಲ. ಮರುದಿನ ನನಗೆ ಫೋನ್ ಬಂದದ್ದು ದಾವಣಗೆರೆಯಿಂದ.

"20-15ಕ್ಕೆ ಗೆದ್ವಿ ಮೇಡಂ. ಇಲ್ಲಿ ರಾತ್ರಿ ಹತ್ತೂವರೆಗೆ ಶುರುವಾಯ್ತು. ಅಪ್ಪ ನಾನೂ ನೋಡ್ತೀನಿ ಅಂತ ಪಕ್ಕದಲ್ಲೇ ಕೂತ್ರು. ಸ್ವಲ್ಪ ಹೊತ್ತಿಗೇ ನಿದ್ದೆ ಬಂತು ಅವರಿಗೆ. ಎಬ್ಬಿಸ್ಲಿಲ್ಲ. ಸೌಂಡ್ ಕಮ್ಮಿ ಮಾಡಿ, ಅಲ್ಲೇ ಕೂತು ಪೂರ್ತಿ ನೋಡಿದೆ."