ಲೈನ್ ಮನೆಯವರ ಆಧಾರ್ ಮೇಸ್ತ್ರಿ ಕೈಯಲ್ಲಿದ್ದರೆ
ಕೊಡಗಿನ ಸಿದ್ದಾಪುರ ಕಡೆಯ ತೋಟದ ಲೈನ್ ಮನೆಯಲ್ಲಿ (ಕಾರ್ಮಿಕರ ಸಾಲು ಮನೆ) ಇರುವ ಜಾರ್ಖಂಡಿನ ಕುಟುಂಬ ಭಾನುವಾರದ ಪೂಜೆಗೂ ಬರುತ್ತಿಲ್ಲ, ಆಧಾರ್ ಕೂಲಿಯಾಳು ತರುವ ಮೇಸ್ತ್ರಿ ಬಳಿ ಇದೆ, ಮುಂಗಡ ತೀರುವವರೆಗೆ ಹೊರಡುವಂತಿಲ್ಲ ಅಂತಿದ್ದಾನೆ ಎಂದಿದ್ದೀರಿ. ಇದು ಬಹುತೇಕ ಸಾಲದ ಜೀತ. ಬರೀ ಕೂಲಿ ತಕರಾರೂ ಇರಬಹುದು. ತೀರ್ಮಾನ ಅಧಿಕಾರಿಯದು, ಚರ್ಚಿನದಲ್ಲ.

ಗುಂಪು ಕಟ್ಟಿಕೊಂಡು ತೋಟಕ್ಕೆ ಹೋಗಬೇಡಿ. ನಾವು ಹೋಗಿದ್ದೆವು, ಮರುದಿನ ಬೆಳಗ್ಗೆ ಲೈನ್ ಮನೆ ಖಾಲಿ. ಹಿಂದಿ ಬಲ್ಲ ಒಬ್ಬ ಹೆಂಗಸು ಸಂತೆಯಲ್ಲಿ ಸಿಕ್ಕಾಗ ಕೇಳಲಿ: ಮುಂಗಡ ಎಷ್ಟು, ಕೈಗೆ ಬಂದ ಕೂಲಿ ಎಷ್ಟು, ಊರಿಗೆ ಹೋಗಲು ಬಿಡುತ್ತಾರಾ, ದೂರಿಗೆ ಒಪ್ಪಿಗೆಯಾ. ಬರೆದಿಟ್ಟುಕೊಳ್ಳಿ. ಫೋಟೋ ವಾಟ್ಸಾಪಿಗೆ ಹಾಕಲೇಬೇಡಿ.

ಆಮೇಲೆ ಮಡಿಕೇರಿಯ ಉಪವಿಭಾಗಾಧಿಕಾರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಜೀತವೆಂದು ಸಾಬೀತಾದರೆ 1976ರ ಕಾಯ್ದೆಯಡಿ ಆ ಸಾಲವೇ ರದ್ದು. ಹಾಗಾಗಿ ಚರ್ಚಿನ ದುಡ್ಡಲ್ಲಿ ಮುಂಗಡ ತೀರಿಸಬೇಡಿ, ಮೇಸ್ತ್ರಿ ಅದೇ ದುಡ್ಡಿಗೆ ಇನ್ನೊಂದು ಕುಟುಂಬ ತರುತ್ತಾನೆ. ಬಿಡುಗಡೆಯಾದಾಗ ಅಧಿಕಾರಿಯಿಂದ ಬಿಡುಗಡೆ ಪತ್ರ ಕೇಳಿ ಪಡೆಯಿರಿ. ಬಿಡುಗಡೆಯಾದವರಿಗೆ ಸರ್ಕಾರದ ತಕ್ಷಣದ ನೆರವು 30,000 ರೂಪಾಯಿವರೆಗೆ ಇದೆ. ಉಚಿತ ವಕೀಲರಿಗೆ 15100ಕ್ಕೆ ಫೋನ್ ಮಾಡಿ. ಮಕ್ಕಳು ದುಡಿಯುತ್ತಿದ್ದರೆ 1098, ಹೊಡೆತ ಬೆದರಿಕೆ ಇದ್ದರೆ 112, ದೂರಿಗೂ ಕಾಯಬೇಡಿ.

ಬಿಡುಗಡೆಯ ರಾತ್ರಿ ಮಲಗಲು ಜಾಗ, ಊಟ, ಮೈಸೂರಿನಿಂದ ರೈಲು ಟಿಕೆಟ್ (ನಮ್ಮಲ್ಲಿ ರೈಲೆಲ್ಲಿದೆ!): ಇಷ್ಟನ್ನು ಚರ್ಚ್ ಈ ವಾರವೇ ಸಿದ್ಧ ಮಾಡಿಟ್ಟುಕೊಳ್ಳಲಿ.