ಸಂಬಳ ನೋಡಿ ಆಟ ಅಳೆಯಬಹುದಾ?

ಪ್ರಶ್ನೆ: ನಾನು, ನನ್ನ ತಮ್ಮ ಇಬ್ಬರೂ ನಿದ್ದೆಗೆಟ್ಟು ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫುಟ್‌ಬಾಲ್ ನೋಡುತ್ತೇವೆ. ಯಾರಿಗೆ ಸಂಬಳ ಜಾಸ್ತಿಯೋ ಅವನೇ ದೊಡ್ಡ ಆಟಗಾರ, ಕ್ಲಬ್‌ನವರು ಸುಮ್ನೆ ದುಡ್ಡು ಸುರಿಯುತ್ತಾರಾ ಅನ್ನುತ್ತಾನೆ ಅವನು. ನನಗ್ಯಾಕೋ ಒಪ್ಪಿಗೆ ಆಗುತ್ತಿಲ್ಲ. ನೀವೇನಂತೀರಿ ಸರ್?
– ಓದುಗರು, ದಾವಣಗೆರೆ

ಉತ್ತರ: ತಮ್ಮನ ಮಾತಲ್ಲಿ ಅರ್ಧ ಸತ್ಯ ಇದೆ. ಆಟ ಬಾರದವನನ್ನು ಆ ಮಟ್ಟದ ಕ್ಲಬ್‌ಗಳು ಹತ್ತಿರವೂ ಸೇರಿಸುವುದಿಲ್ಲ. ಆದರೆ ಒಳಗೆ ಹೋದ ಮೇಲೆ ಯಾರಿಗೆ ಎಷ್ಟು ಅನ್ನೋದು ಬೇರೆಯೇ ಲೆಕ್ಕ. ಒಪ್ಪಂದ ಮುಗಿಯಲು ಎಷ್ಟು ದಿನ ಉಳಿದಿದೆ, ವಯಸ್ಸೆಷ್ಟು, ಇವನನ್ನು ಇನ್ಯಾರು ಕೇಳುತ್ತಿದ್ದಾರೆ, ಎಲ್ಲವೂ ಅದರಲ್ಲಿ ಸೇರುತ್ತದೆ.

ಫ್ರಾನ್ಸಿನ ಆಟಗಾರ ಪಾಲ್ ಪೋಗ್ಬಾನನ್ನೇ ತಗೊಳ್ಳಿ. 2012ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಜೊತೆಗಿನ ಅವನ ಒಪ್ಪಂದ ಮುಗಿಯಿತು. ಲೀಗ್‌ನಲ್ಲಿ ಅವನನ್ನು ಆಡಿಸಿದ್ದು ಮೂರೇ ಪಂದ್ಯ, ಅದೂ ಬದಲಿ ಆಟಗಾರನಾಗಿ. ಇಟಲಿಯ ಯುವೆಂಟಸ್‌ಗೆ ಹೊರಟುಹೋದ, ಯುನೈಟೆಡ್‌ಗೆ ವರ್ಗಾವಣೆ ಶುಲ್ಕ (ಆಟಗಾರನನ್ನು ಬಿಟ್ಟುಕೊಡಲು ಹೊಸ ಕ್ಲಬ್ ಹಳೆಯ ಕ್ಲಬ್‌ಗೆ ಕೊಡುವ ಹಣ) ಅಂತ ಏನೂ ಸಿಗಲಿಲ್ಲ. ಅಲ್ಲಿ ನಾಲ್ಕು ವರ್ಷ, ನಾಲ್ಕು ಲೀಗ್ ಪಟ್ಟ. 2016ರಲ್ಲಿ ಅದೇ ಹುಡುಗನನ್ನು ಅದೇ ಯುನೈಟೆಡ್ 8.9 ಕೋಟಿ ಪೌಂಡ್ ಕೊಟ್ಟು ವಾಪಸ್ ಕರೆತಂದಿತು, ಆಗ ಅದು ವಿಶ್ವದಾಖಲೆ. 2022ರಲ್ಲಿ ಒಪ್ಪಂದ ಮುಗಿದಾಗ ಮತ್ತೆ ಶುಲ್ಕವಿಲ್ಲದೆ ಯುವೆಂಟಸ್‌ಗೇ ಹೋದ. ಒಬ್ಬನೇ ಮನುಷ್ಯ: ಸೊನ್ನೆ, 8.9 ಕೋಟಿ, ಮತ್ತೆ ಸೊನ್ನೆ. ಅವನ ಕಾಲಲ್ಲಿದ್ದ ಆಟ ಸ್ವಲ್ಪ ಏರಿಳಿದಿರಬಹುದು, ಇಷ್ಟಂತೂ ಖಂಡಿತ ಇಲ್ಲ, ಅಲ್ವಾ?

ಒಪ್ಪಂದ ಮುಗಿದವನು ಹೀಗೆ ಎದ್ದು ಹೋಗಬಹುದು ಅನ್ನೋದಕ್ಕೆ ದಾರಿ ಮಾಡಿಕೊಟ್ಟವನು ಜಾಂ-ಮಾರ್ಕ್ ಬೊಸ್ಮನ್ ಎಂಬ ಬೆಲ್ಜಿಯಂ ಆಟಗಾರ. 1990ರಲ್ಲಿ ಒಪ್ಪಂದ ಮುಗಿದಿದ್ದರೂ ಅವನ ಕ್ಲಬ್ ಲಿಯೇಜ್, ಹಣ ಕೊಟ್ಟರಷ್ಟೇ ಬಿಡ್ತೀವಿ ಅಂತ ಪಟ್ಟುಹಿಡಿಯಿತು, ಫ್ರಾನ್ಸಿನ ಡಂಕರ್ಕ್ ತಂಡಕ್ಕೆ ಹೋಗುವುದು ತಪ್ಪಿತು. ಐದು ವರ್ಷ ಕೋರ್ಟ್ ಅಲೆದ. 1995ರ ಡಿಸೆಂಬರ್ 15ರಂದು ಯುರೋಪಿಯನ್ ನ್ಯಾಯಾಲಯ ಅವನ ಪರ ತೀರ್ಪು ಕೊಟ್ಟಿತು. ಅಲ್ಲಿಂದ ಚೌಕಾಸಿಯ ಬಲ ಆಟಗಾರನ ಕಡೆ ವಾಲಿತು. ನಿಮಗೆ ಶುಲ್ಕ ಉಳಿಯಿತಲ್ಲ, ಅದರಲ್ಲೊಂದು ಪಾಲು ನನ್ನ ಸಂಬಳಕ್ಕೆ ಸೇರಿಸಿ ಅಂತ ಅವನು ಹೊಸ ಕ್ಲಬ್‌ನವರನ್ನು ಕೇಳಬಹುದು. ಬೊಸ್ಮನ್‌ನ ಸ್ವಂತ ಆಟ ಮಾತ್ರ ಆ ಕೇಸಿನಲ್ಲೇ ಕಳೆದುಹೋಯಿತು, ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಇನ್ನೊಂದು ಕಡೆ ವಿನ್‌ಸ್ಟನ್ ಬೊಗಾರ್ಡೆ. ಅಯಾಕ್ಸ್, ಬಾರ್ಸಿಲೋನಾದಲ್ಲಿ ಆಡಿ ಬಂದ ಡಿಫೆಂಡರ್. 2000ದಲ್ಲಿ ಚೆಲ್ಸಿ ಅವನಿಗೆ ವಾರಕ್ಕೆ ಸುಮಾರು 40,000 ಪೌಂಡ್‌ನಂತೆ ನಾಲ್ಕು ವರ್ಷದ ಒಪ್ಪಂದ ಕೊಟ್ಟಿತು. ಕೆಲವೇ ವಾರದಲ್ಲಿ ಕೋಚ್ ಬದಲಾದರು, ಹೊಸಬರಿಗೆ ಇವನು ಬೇಡವಾದ. ನಾಲ್ಕು ವರ್ಷದಲ್ಲಿ ಲೀಗ್‌ನಲ್ಲಿ ಆಡಿದ್ದು ಒಂಬತ್ತು ಪಂದ್ಯ. ಸಂಬಳ ಮಾತ್ರ ಬರುತ್ತಲೇ ಇತ್ತು. ಜನ ಅವನನ್ನು ಬೈದರು, ನಾನು ಬೈಯಲ್ಲ. ಒಪ್ಪಂದಕ್ಕೆ ಕ್ಲಬ್ಬೂ ಸಹಿ ಹಾಕಿತ್ತು, ಅವನು ತರಬೇತಿಗೆ ಬರುವುದನ್ನೂ ಬಿಡಲಿಲ್ಲ.

ಪ್ರಶ್ನೆ: ಎಂಟು ವರ್ಷದ ಒಪ್ಪಂದ ಕೊಟ್ಟರೆ ಆ ಆಟಗಾರನ ಪ್ರತಿಭೆ ಮೇಲೆ ಕ್ಲಬ್‌ಗೆ ಅಷ್ಟು ನಂಬಿಕೆ ಅಂತ ತಾನೇ?
– ಕಾಲೇಜು ವಿದ್ಯಾರ್ಥಿ, ಮಂಗಳೂರು

ಉತ್ತರ: ನಂಬಿಕೆ ಇರುತ್ತದೆ, ಜೊತೆಗೆ ಲೆಕ್ಕದ ಪುಸ್ತಕವೂ ಇರುತ್ತದೆ. 2023ರ ಆರಂಭದಲ್ಲಿ ಚೆಲ್ಸಿ ಅರ್ಜೆಂಟೀನಾದ ಎಂಜೊ ಫರ್ನಾಂಡಿಸ್‌ಗಾಗಿ ಸುಮಾರು 10.7 ಕೋಟಿ ಪೌಂಡ್ ಕೊಟ್ಟು, ಎಂಟೂವರೆ ವರ್ಷದ ಒಪ್ಪಂದ ಮಾಡಿಕೊಂಡಿತು. ಈ ಶುಲ್ಕವನ್ನು ಪುಸ್ತಕದಲ್ಲಿ ಒಪ್ಪಂದದ ವರ್ಷಗಳಿಗೆ ಹಂಚಿ ಬರೆಯುತ್ತಾರೆ. ಐದು ವರ್ಷಕ್ಕಾದರೆ ವರ್ಷಕ್ಕೆ ಎರಡು ಕೋಟಿಗೂ ಮೇಲೆ, ಎಂಟೂವರೆಗಾದರೆ ಒಂದೂಕಾಲು ಕೋಟಿ. ಕ್ಲಬ್ ಇಷ್ಟೇ ನಷ್ಟ ತೋರಿಸಬಹುದು ಎಂಬ ಮಿತಿ ಇರುವ ಕಡೆ ಇದು ದೊಡ್ಡ ಅನುಕೂಲ. ಅದಕ್ಕೇ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಅದೇ ವರ್ಷ, ಒಪ್ಪಂದ ಎಷ್ಟೇ ಉದ್ದ ಇರಲಿ, ಐದೇ ವರ್ಷಕ್ಕೆ ಹಂಚಿ ಅಂತ ನಿಯಮ ತಂದಿತು.

ಇನ್ನೊಂದು ಮಾತು. ಚೆಲ್ಸಿ ಕೊಳ್ಳುವ ಅರ್ಧ ವರ್ಷ ಹಿಂದಷ್ಟೇ ಪೋರ್ಚುಗಲ್‌ನ ಬೆನ್ಫಿಕಾ ಕ್ಲಬ್ ಎಂಜೊನನ್ನು ಅರ್ಜೆಂಟೀನಾದ ರಿವರ್ ಪ್ಲೇಟ್‌ನಿಂದ ತಂದಿದ್ದು ಈ ಶುಲ್ಕದ ಚಿಕ್ಕದೊಂದು ಪಾಲಿಗೆ. ನಡುವೆ ಆಗಿದ್ದು ಕತಾರ್ ವಿಶ್ವಕಪ್. ಅರ್ಜೆಂಟೀನಾ ಗೆದ್ದಿತು, ಅತ್ಯುತ್ತಮ ಯುವ ಆಟಗಾರ ಪ್ರಶಸ್ತಿ ಇವನಿಗೆ ಬಂತು. ಆರು ತಿಂಗಳಲ್ಲಿ ಆಟ ಹತ್ತು ಪಟ್ಟು ಬೆಳೆಯುವುದಿಲ್ಲ, ನೋಡಿದ ಕಣ್ಣುಗಳ ಸಂಖ್ಯೆ ಬೆಳೆದಿತ್ತು.

ಪ್ರಶ್ನೆ: ನನ್ನ ಮಗ ಹನ್ನೆರಡರ ಹುಡುಗ, ಮಿಡ್‌ಫೀಲ್ಡ್‌ನಲ್ಲಿ ಆಡುತ್ತಾನೆ. ಬರೀ ಕೋಟಿಗಳ ಮಾತೇ ಆಡುತ್ತಾನೆ. ಆಟ ನೋಡುವುದನ್ನು ಹೇಗೆ ಕಲಿಸಲಿ?
– ತಂದೆ, ಶಿವಮೊಗ್ಗ

ಉತ್ತರ: ಫ್ರಾನ್ಸಿನ ಮಿಡ್‌ಫೀಲ್ಡರ್ ಎನ್‌ಗೊಲೊ ಕಾಂಟೆಯನ್ನು ತೋರಿಸಿ. ಕುಳ್ಳ ಅಂತ ದೊಡ್ಡ ಅಕಾಡೆಮಿಗಳು ಬೇಡ ಅಂದಿದ್ದ ಹುಡುಗ. ಪ್ಯಾರಿಸ್ ಪಕ್ಕದ ಸುರೇನ್ ಎಂಬ ಸಣ್ಣ ಕ್ಲಬ್‌ನಲ್ಲಿ ಬೆಳೆದ. 2015ರಲ್ಲಿ ಲೆಸ್ಟರ್ ಸುಮಾರು 56 ಲಕ್ಷ ಪೌಂಡ್‌ಗೆ ಕೊಂಡಿತು. ಮುಂದಿನ ಬೇಸಿಗೆಗೆ ಲೆಸ್ಟರ್ ಲೀಗ್ ಗೆದ್ದಿತ್ತು. ಅದರ ಮುಂದಿನ ವರ್ಷ ಅವನು ಸೇರಿದ ಚೆಲ್ಸಿ ಗೆದ್ದಿತು. ಆ ಕಾಲದ ಒಂದು ಪಂದ್ಯ ಹಾಕಿ, ಮಗನನ್ನು ಪಕ್ಕ ಕೂರಿಸಿಕೊಳ್ಳಿ. ಹತ್ತು ನಿಮಿಷ ಚೆಂಡು ನೋಡಬೇಡ, ಇವನನ್ನಷ್ಟೇ ನೋಡು ಅನ್ನಿ. ಎದುರಾಳಿ ಪಾಸ್ ಕೊಡುವ ಮೊದಲೇ ಇವನು ಆ ಕಡೆ ಹೊರಟಿರುತ್ತಾನೆ.