ಹಾರಾಟ ಅರ್ಧ ಗಂಟೆಯದ್ದೇ, ಆದರೆ ಖರ್ಚು?

ದ್ವೀಪದಿಂದ ದ್ವೀಪಕ್ಕೆ ಅರ್ಧ ಗಂಟೆ ಹಾರುವ ಕಂಪನಿಗೆ ಖರ್ಚು ಕಡಿಮೆ ಇರಬೇಕಲ್ಲವೇ ಎಂದು ಕೇಳಿದ್ದೀರಿ. ಇಲ್ಲ, ಪ್ರತಿ ಕಿಲೋಮೀಟರಿಗೆ ಲೆಕ್ಕ ಹಾಕಿದರೆ ಹೆಚ್ಚೇ ಆಗುತ್ತದೆ.

ಒಮ್ಮೆ ಏರಿ ಇಳಿದರೆ ಒಂದು ಸೈಕಲ್. ಲ್ಯಾಂಡಿಂಗ್ ಗೇರ್ ಮತ್ತು ಎಂಜಿನ್ನಿನ ತಿರುಗುವ ಡಿಸ್ಕ್‌ಗಳ ಆಯುಷ್ಯವನ್ನು ಮುಖ್ಯವಾಗಿ ಸೈಕಲ್ಲುಗಳಲ್ಲೇ ಅಳೆಯುತ್ತಾರೆ. ಪ್ರತಿ ಸಲ ಕ್ಯಾಬಿನ್ನಿಗೆ ಒತ್ತಡ ಕೊಟ್ಟು ಬಿಟ್ಟಾಗ ಹೊರಮೈ ತಗಡು ಹಿಗ್ಗಿ ಕುಗ್ಗುತ್ತದೆ, ಕ್ರಮೇಣ ತಗಡು ಜೋಡಿಸುವ ಮೊಳೆಗಳಾದ ರಿವೆಟ್‌ಗಳ ತೂತಿನ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಹುಟ್ಟಬಹುದು. 1988ರಲ್ಲಿ ಹವಾಯಿಯಲ್ಲಿ ಚಾವಣಿ ಕಿತ್ತುಹೋದ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737 ಹಾರಿದ್ದು 35,496 ಗಂಟೆ, ಸೈಕಲ್ ಮಾತ್ರ 89,680. ಅಂದರೆ ಸರಾಸರಿ 24 ನಿಮಿಷಕ್ಕೊಂದು! ಗಂಟೆ ನೋಡಿ ಹಳೆಯ ವಿಮಾನ ಕೊಳ್ಳುವವರು ಇದನ್ನು ಮರೆಯಲೇಬಾರದು.

ಇನ್ನು ಉಪ್ಪುಗಾಳಿ. ಎಂಜಿನ್ನಿನೊಳಗೆ ಗಾಳಿಯನ್ನು ಒತ್ತುವ ಕಂಪ್ರೆಸರ್ ಬ್ಲೇಡುಗಳ ಮೇಲೆ ಉಪ್ಪು ಕೂತರೆ ಅಷ್ಟೇ ಶಕ್ತಿಗೆ ಎಂಜಿನ್ ಹೆಚ್ಚು ಬಿಸಿಯಾಗುತ್ತದೆ. ಅದನ್ನು ತೊಳೆಯಲು ಎಂಜಿನ್ ತಣಿದ ಮೇಲೆ ಇಗ್ನಿಷನ್ ಆಫ್ ಮಾಡಿ, ಸ್ಟಾರ್ಟರಿನಿಂದ ತಿರುಗಿಸುತ್ತಾ ಖನಿಜ ತೆಗೆದ ನೀರು ಸಿಂಪಡಿಸಬೇಕು, ಆಮೇಲೆ ಎಂಜಿನ್ ಓಡಿಸಿ ಒಣಗಿಸಬೇಕು. ನಲ್ಲಿ ನೀರು ಹಾಕಿದರೆ ಅದರ ಲವಣವೂ ಸೇರಿಕೊಳ್ಳುತ್ತದೆ.

ಇಂಧನದ್ದು ಬೇರೆ ಕಥೆ. ದಾರಿಗೆ ಬೇಕಾದ್ದು ಸ್ವಲ್ಪವೇ, ಆದರೆ ಅಲ್ಲಿ ಇಳಿಯಲಾಗದಿದ್ದರೆ ಬದಲಿ ನಿಲ್ದಾಣಕ್ಕೆ ಹೋಗುವಷ್ಟು, ಅದರ ಮೇಲೆ ಟರ್ಬೈನ್ (ಜೆಟ್ ಅಥವಾ ಟರ್ಬೊಪ್ರಾಪ್) ವಿಮಾನಕ್ಕೆ ಕೊನೆಯ 30 ನಿಮಿಷದ ಮೀಸಲು ಇರಲೇಬೇಕು. ರನ್‌ವೇ ಗಿಡ್ಡವಾಗಿದ್ದರೆ ಆ ತೂಕಕ್ಕಾಗಿ ಸೀಟು ಖಾಲಿ ಬಿಡಬೇಕಾಗುತ್ತದೆ.

ವೇಳಾಪಟ್ಟಿಯೂ ಅಷ್ಟೇ: ದಿನಕ್ಕೆ ಎಂಟು ಹಾರಾಟವಿದ್ದರೆ ಬೆಳಗಿನ 20 ನಿಮಿಷದ ತಡ ಸಂಜೆವರೆಗೂ ಬೆನ್ನು ಬಿಡುವುದಿಲ್ಲ. ಅದನ್ನು ಸರಿದೂಗಿಸಲು ಮಧ್ಯಾಹ್ನ ಒಂದು ಗಂಟೆ ಕಾಲ ಖಾಲಿ ಇಟ್ಟುಕೊಳ್ಳಿ.